ಒಂದು ಗೇಣು ಪೈಪು

ಹಳೆಯ ಮೋಟಾರು ಸೈಕಲ್ಲನ್ನು ಪ್ರೀತಿಯಿಂದ ಇಟ್ಟುಕೊಂಡವರು ಅದರ ಬಗ್ಗೆ ಮಾತನಾಡತೊಡಗಿದರೆ ಕೇಳಲು ಸೊಗಸಾಗಿರುತ್ತದೆ. ಟ್ಯಾಂಕಿನ ಬಣ್ಣವನ್ನು ಹೇಳುತ್ತಾರೆ, ಸೈಲೆನ್ಸರಿನ ದನಿಯನ್ನು ಬಾಯಿಂದಲೇ ಅನುಕರಿಸಿ ತೋರಿಸುತ್ತಾರೆ, ಯಾವ ವರ್ಷ ಯಾರಿಂದ ಎಷ್ಟಕ್ಕೆ ಕೊಂಡದ್ದೆಂಬುದನ್ನು ವಂಶಾವಳಿ ಓದಿದಂತೆ ಓದುತ್ತಾರೆ. ಆದರೆ ಟ್ಯಾಂಕಿಗೂ ಕಾರ್ಬ್ಯುರೇಟರಿಗೂ ನಡುವೆ ಇರುವ ಒಂದು ಗೇಣು ಉದ್ದದ ಕರಿಯ ರಬ್ಬರು ಪೈಪಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಇಡೀ ಗಾಡಿಯಲ್ಲಿ ಅತಿ ಅಗ್ಗದ ಭಾಗಗಳಲ್ಲಿ ಅದೊಂದು. ಅದಿಲ್ಲದೆ ಗಾಡಿ ಒಂದು ಹೆಜ್ಜೆ ಮುಂದೆ ಹೋಗದು. ಅದು ಕೆಟ್ಟರೆ ಗಾಡಿಯೇ ಉಳಿಯದೆ ಹೋಗಬಹುದು. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ಒಂದು ಗೇಣು ಪೈಪನ್ನು ಕುರಿತು. ಅದನ್ನು ಏಕೆ ಬದಲಿಸಬೇಕು, ಯಾವುದನ್ನು ಆರಿಸಬೇಕು, ಕೊಳ್ಳುವಾಗ ಏನನ್ನು ನೋಡಬೇಕು ಎಂಬುದಿಷ್ಟೇ ವಿಷಯ. ವಿಷಯ ಸಣ್ಣದು, ಆದರೆ ಹಳೆಯದನ್ನು ಉಳಿಸಿಕೊಳ್ಳುವುದೆಂದರೇನು ಎಂಬ ದೊಡ್ಡ ಪ್ರಶ್ನೆ ಅದರ ಬೆನ್ನಿಗೇ ಇದೆ.

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ನಮ್ಮ ಈ ಸೀಮೆ ಕಲ್ಲಿನ ಸೀಮೆ. ನೆಲದಡಿಯಲ್ಲಿ ಪದರು ಪದರಾಗಿ ಮಲಗಿರುವ ಸುಣ್ಣದ ಕಲ್ಲು ಫರಸಿಯಾಗಿ ಎದ್ದು ದೂರದೂರದ ಊರುಗಳ ಮನೆಗಳಿಗೆ ನೆಲವಾಗಿದೆ. ಪುಡಿಯಾಗಿ, ಸುಟ್ಟು, ಸಿಮೆಂಟಾಗಿ ಗೋಡೆಗಳಾಗಿದೆ. ಕಲ್ಲಿನ ಗಣಿಗೂ ಕಾರ್ಖಾನೆಗೂ ಹಗಲೂ ರಾತ್ರಿ ಪಾಳಿಯಲ್ಲಿ ಹೋಗಿಬರುವವರಿಗೆ, ಬಸ್ಸು ಕಾಣದ ಹಾದಿಗಳಲ್ಲಿ ತಿರುಗಾಡುವ ಗುತ್ತಿಗೆದಾರರಿಗೆ, ಮಾಸ್ತರರಿಗೆ, ಕಂಪೌಂಡರಿಗೆ ಮೋಟಾರು ಸೈಕಲ್ಲು ಒಂದು ಕಾಲದಲ್ಲಿ ಕುದುರೆಯಾಗಿತ್ತು. ಯೆಜ್ದಿ, ಬುಲೆಟ್, ರಾಜದೂತ ಎಂಬ ಹೆಸರುಗಳು ಇಲ್ಲಿಯ ಮನೆಗಳಲ್ಲಿ ನೆಂಟರ ಹೆಸರಿನಷ್ಟೇ ಪರಿಚಿತ. ಆ ಗಾಡಿಗಳಲ್ಲಿ ಬಹುಪಾಲು ಗುಜರಿಗೆ ಹೋದವು. ಕೆಲವು ಇನ್ನೂ ಪಡಸಾಲೆಯ ಮೂಲೆಯಲ್ಲೋ ಹಿತ್ತಿಲ ತಗಡಿನ ಚಪ್ಪರದಡಿಯಲ್ಲೋ ನಿಂತಿವೆ. ತಂದೆಯ ಗಾಡಿಯನ್ನು ಮಗ ಹೊರಗೆಳೆದು, ಒರೆಸಿ, ಮತ್ತೆ ನಡೆಸಬೇಕೆಂದು ಹೊರಡುವುದು ಈಚಿನ ವರ್ಷಗಳಲ್ಲಿ ಹೆಚ್ಚುತ್ತಿದೆ. ಅದು ಒಳ್ಳೆಯ ಹುಚ್ಚು. ಆದರೆ ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ತಾಪ ರಬ್ಬರನ್ನು ಒಣಗಿಸುತ್ತದೆ, ಎಲ್ಲದರ ಮೇಲೆಯೂ ಕೂರುವ ನಮ್ಮ ಕಲ್ಲುದೂಳು ಅದರ ಬಿರುಕುಗಳನ್ನು ಮುಚ್ಚಿಡುತ್ತದೆ. ಆದುದರಿಂದ ಈ ಮಾತು ಬೇರೆಯವರಿಗಿಂತ ನಮಗೆ ಹೆಚ್ಚು ಸಲ್ಲುತ್ತದೆ.

ಹಳೆಯ ಮೋಟಾರು ಸೈಕಲ್ಲಿನ ಮಾತು ಬಂದರೆ ಕನ್ನಡಿಗರು ಪರಕೀಯರಂತೆ ದೂರ ನಿಲ್ಲಬೇಕಾಗಿಲ್ಲ. 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಜಾವಾ ಎಂಬ ಹೆಸರು ಕೇಳಿ ಇಂಡೋನೇಷ್ಯಾದ ದ್ವೀಪವನ್ನು ನೆನೆಯುವವರಿದ್ದಾರೆ. ಅದು ಚೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲಕ್ಷರಗಳನ್ನೂ, ಆತ 1929ರಲ್ಲಿ ಯಾರಿಂದ ಮೋಟಾರು ಸೈಕಲ್ಲಿನ ವಿಭಾಗವನ್ನು ಕೊಂಡನೋ ಆ ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಹೆಸರಿನ ಮೊದಲಕ್ಷರಗಳನ್ನೂ ಕೂಡಿಸಿ ಮಾಡಿದ ಶಬ್ದ. 1973ರಿಂದ ಮೈಸೂರಿನ ಗಾಡಿಗಳು ಯೆಜ್ದಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಹೆಸರುಗಳು ಈಚೆಗೆ, ಜಾವಾ 2018ರಲ್ಲಿ ಮತ್ತು ಯೆಜ್ದಿ 2022ರಲ್ಲಿ, ಹೊಸ ಗಾಡಿಗಳ ಮೇಲೆ ಮರಳಿ ಬಂದಿವೆಯಾದರೂ ಅವು ಬೇರೆಯೇ ಯಂತ್ರಗಳು. ಮೈಸೂರಿನ ಹಳೆಯ ಗಾಡಿಗಳಲ್ಲಿ ಅತ್ಯಂತ ಕಿರಿಯದಕ್ಕೂ ಈಗ ಮೂವತ್ತರ ಆಸುಪಾಸಿನ ವಯಸ್ಸು. ಅದರ ಉಕ್ಕಿಗೆ ಮೂವತ್ತು ವರ್ಷ ಏನೂ ಅಲ್ಲ. ಅದರ ರಬ್ಬರಿಗೆ ಮೂವತ್ತು ವರ್ಷವೆಂದರೆ ಹಲವು ಜನ್ಮಗಳು.

ಪೈಪಿನ ಕೆಲಸವೇನೆಂಬುದನ್ನು ಮೊದಲು ನೋಡೋಣ. ಹಳೆಯ ಮೋಟಾರು ಸೈಕಲ್ಲುಗಳಲ್ಲಿ ಪೆಟ್ರೋಲನ್ನು ತಳ್ಳುವ ಪಂಪು ಇಲ್ಲ. ಟ್ಯಾಂಕು ಮೇಲೆ, ಕಾರ್ಬ್ಯುರೇಟರು ಕೆಳಗೆ. ನೀರು ಇಳಿಜಾರಿನಲ್ಲಿ ಹರಿದಂತೆ ಪೆಟ್ರೋಲು ತನ್ನ ಭಾರದಿಂದಲೇ ಇಳಿದುಬರುತ್ತದೆ. ಟ್ಯಾಂಕಿನ ತಳದಲ್ಲಿ ಒಂದು ಕಾಕು, ಅದರ ಕೆಳಗೆ ಪೈಪು, ಪೈಪಿನ ಕೊನೆಗೆ ಕಾರ್ಬ್ಯುರೇಟರು. ಒತ್ತಡ ಕಡಿಮೆಯೆಂಬ ಕಾರಣದಿಂದಲೇ ಜನ ಈ ಪೈಪನ್ನು ಹಗುರವಾಗಿ ಕಾಣುತ್ತಾರೆ. ಏನು ಹಾಕಿದರೂ ನಡೆಯುತ್ತದೆಂದು ಭಾವಿಸುತ್ತಾರೆ. ಆದರೆ ಒತ್ತಡ ಕಡಿಮೆಯಿದ್ದರೂ ಹರಿಯುವ ವಸ್ತು ಪೆಟ್ರೋಲು. ಅದು ಸೊನ್ನೆ ಡಿಗ್ರಿಗಿಂತ ಸುಮಾರು ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಕಿಡಿ ತಾಕಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ನಮ್ಮ ವೈಶಾಖದ ಮಧ್ಯಾಹ್ನದಲ್ಲಿ ಎಷ್ಟು ಬಿಟ್ಟೀತೆಂಬುದನ್ನು ಊಹಿಸಬಹುದು. ಆ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಚೆದುರಿಹೋಗುವುದಿಲ್ಲ. ನೆಲಕ್ಕೆ ಹರಡಿ ಕೂರುತ್ತದೆ. ಪೈಪಿನ ಕೆಳಗೆಯೇ ಕಾದ ಇಂಜಿನ್ನು, ಪಕ್ಕದಲ್ಲಿಯೇ ಕಿಡಿ ಹಾರಿಸುವ ಪ್ಲಗ್ಗು. ಅನೇಕ ಮನೆಗಳಲ್ಲಿ ಗಾಡಿ ನಿಲ್ಲುವ ಪಡಸಾಲೆಗೂ ಒಲೆ ಉರಿಯುವ ಒಳಮನೆಗೂ ನಡುವೆ ಇರುವುದು ಒಂದೇ ಹೊಸ್ತಿಲು. ಹೀಗಿರುವಾಗ ಗಳಿಗೆಗೊಂದು ಹನಿ ತೊಟ್ಟಿಕ್ಕುವ ಪೈಪು ಸಣ್ಣ ದೋಷವಲ್ಲ. ಅದು ಮನೆಯೊಳಗೆ ಹೊಂಚಿ ಕುಳಿತ ಬೆಂಕಿ.

ಇನ್ನು ರಬ್ಬರಿನ ಸ್ವಭಾವ. ಮರದ ಹಾಲಿನಿಂದ ಬರುವ ಸಹಜ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ಉಪಾಯವನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬಳಕೆಗೆ ತಂದ; ಆ ರಬ್ಬರು ಗಾಳಿಗೆ, ನೀರಿಗೆ ಒಳ್ಳೆಯದು. ಪೆಟ್ರೋಲಿಗೆ ಮಾತ್ರ ಸಲ್ಲದು. ಪೆಟ್ರೋಲನ್ನು ಹೀರಿ ಅದು ಉಬ್ಬುತ್ತದೆ, ಜಿಗಟಾಗುತ್ತದೆ, ಹರಿದುಹೋಗುತ್ತದೆ. 1930ರ ದಶಕದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರು ನೈಟ್ರೈಲ್ ಎಂಬ ಕೃತಕ ರಬ್ಬರನ್ನು ತಯಾರಿಸಿದ ಮೇಲೆ ಈ ತೊಡಕು ಬಹುಮಟ್ಟಿಗೆ ಬಗೆಹರಿಯಿತು. ಎಣ್ಣೆ ಪೆಟ್ರೋಲುಗಳನ್ನು ಅದು ತಡೆಯುತ್ತದೆ. ಮುಂದೆ 1957ರಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆ ವೈಟಾನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದ ಫ್ಲೋರೋ ರಬ್ಬರು ಇನ್ನೂ ಗಟ್ಟಿಗ, ಬೆಲೆಯೂ ಹೆಚ್ಚು. ಪೆಟ್ರೋಲು ಪೈಪನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಸಾಮಾನ್ಯವಾಗಿ ಮೂರು ಪದರುಗಳು ಕಾಣುತ್ತವೆ. ಒಳಗಿನದು ಪೆಟ್ರೋಲನ್ನು ತಡೆಯುವ ಪದರು. ನಡುವಿನದು ನೂಲಿನ ಹೆಣಿಗೆ. ಪೈಪು ಉಬ್ಬದಂತೆ ಹಿಡಿಯುವುದು ಅದರ ಕೆಲಸ. ಹೊರಗಿನದು ಬಿಸಿಲು, ಗಾಳಿ, ಉಜ್ಜಾಟಗಳನ್ನು ಸಹಿಸುವ ಹೊದಿಕೆ. ಮೂರಕ್ಕೂ ಮೂರು ಬೇರೆ ಶತ್ರುಗಳು. ಆದ್ದರಿಂದಲೇ ಮೂರು ಬೇರೆ ಗುಣಗಳು.

ಪೈಪಿಗೆ ಮುಪ್ಪು ಬರುವ ಬಗೆಯೂ ತಿಳಿಯಬೇಕಾದದ್ದೇ. ರಬ್ಬರನ್ನು ಮೆದುವಾಗಿಡಲು ತಯಾರಕರು ಕೆಲವು ಎಣ್ಣೆಯಂಥ ವಸ್ತುಗಳನ್ನು ಬೆರೆಸಿರುತ್ತಾರೆ. ಹರಿಯುವ ಪೆಟ್ರೋಲು ಅವನ್ನು ಸ್ವಲ್ಪ ಸ್ವಲ್ಪವಾಗಿ ತೊಳೆದುಕೊಂಡು ಹೋಗುತ್ತದೆ. ಹೋದ ಜಾಗದಲ್ಲಿ ತಾನೇ ನಿಂತು ರಬ್ಬರನ್ನು ಮೆದುವಾಗಿ ತೋರಿಸುತ್ತದೆ. ಗಾಡಿ ದಿನವೂ ಓಡುತ್ತಿರುವಷ್ಟು ಕಾಲ ಈ ಮೋಸ ನಡೆಯುತ್ತದೆ. ಗಾಡಿಯನ್ನು ಆರು ತಿಂಗಳು ನಿಲ್ಲಿಸಿದಿರೋ, ಪೈಪಿನೊಳಗಿನ ಪೆಟ್ರೋಲು ಆರಿಹೋಗಿ, ರಬ್ಬರು ಕುಗ್ಗಿ, ಸೆಟೆದು, ಒಳಗಿನಿಂದಲೇ ಬಿರಿಯುತ್ತದೆ. ಆದ್ದರಿಂದ ದಿನವೂ ಓಡುವ ಗಾಡಿಗಿಂತ ವರ್ಷಕ್ಕೆ ನಾಲ್ಕು ಸಲ ಹೊರಗೆ ಬರುವ ಮೆಚ್ಚಿನ ಗಾಡಿಯ ಪೈಪನ್ನೇ ಹೆಚ್ಚು ಸಂಶಯದಿಂದ ನೋಡಬೇಕು. ವಾಡಿಯ ದುರಸ್ತಿ ಅಂಗಡಿಯೊಂದರಲ್ಲಿ ವಯಸ್ಸಾದ ಮಿಸ್ತ್ರಿಯೊಬ್ಬರು ಗಿರಾಕಿಗೆ ಹೇಳುತ್ತಿದ್ದ ಮಾತು ನನಗೆ ಇನ್ನೂ ನೆನಪಿದೆ: “ಗಾಡಿ ವಯಸ್ಸ ಎಲ್ಲಾರೂ ಹೇಳ್ತಾರ್ರಿ ಸಾಹೇಬ್ರ, ಪೈಪಿನ ವಯಸ್ಸ ಮಾತ್ರ ಯಾರಿಗೂ ಗೊತ್ತಿರಂಗಿಲ್ಲ.” ಪರೀಕ್ಷೆ ಸುಲಭ. ದೂಳನ್ನು ಒರೆಸಿ, ಪೈಪನ್ನು ಬೆರಳುಗಳ ನಡುವೆ ಬಾಗಿಸಿ ನೋಡಬೇಕು. ಬಾಗಿದ ಕಡೆ ಕೂದಲೆಳೆಯಂಥ ಬಿರುಕುಗಳು ತೆರೆದುಕೊಂಡರೆ, ತುದಿಗಳು ಕೊಳವೆಯ ಮೇಲೆ ಬಿಗಿ ಕಳೆದುಕೊಂಡು ತಿರುಗಿದರೆ, ಒತ್ತಿದಾಗ ಕೋಲಿನಂತೆ ಗಟ್ಟಿಯಾಗಿದ್ದರೆ ಅಥವಾ ಬೇಯಿಸಿದ ಬದನೆಯಂತೆ ಮೆತ್ತಗಾಗಿದ್ದರೆ ಅದರ ಕಾಲ ಮುಗಿಯಿತು.

ಈಗ ಇನ್ನೊಂದು ಮಾತು, ಬಹಳ ಮುಖ್ಯವಾದದ್ದು. ಗಾಡಿ ಹಳೆಯದು, ಅದಕ್ಕೆ ಹಾಕುವ ಪೆಟ್ರೋಲು ಹಳೆಯದಲ್ಲ. ಯೆಜ್ದಿಯ ಕಾಲದ ಪೆಟ್ರೋಲಿನಲ್ಲಿ ಸೀಸವಿತ್ತು. 2000ದ ಹೊತ್ತಿಗೆ ಸೀಸ ಹೋಯಿತು. 2003ರಿಂದ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ನೂರಕ್ಕೆ ಐದು ಪಾಲು ಎಥನಾಲನ್ನು, ಅಂದರೆ ಕಬ್ಬಿನ ಕಾಕಂಬಿ ಮೊದಲಾದವುಗಳಿಂದ ತೆಗೆದ ಮದ್ಯಸಾರವನ್ನು, ಬೆರೆಸುವುದು ಮೊದಲಾಯಿತು. 2022ರಲ್ಲಿ ಈ ಪ್ರಮಾಣ ದೇಶದಾದ್ಯಂತ ಸರಾಸರಿ ಹತ್ತಕ್ಕೆ ಮುಟ್ಟಿತು. ನೂರಕ್ಕೆ ಇಪ್ಪತ್ತು ಪಾಲಿನ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ಅದು ಊರೂರಿನ ಬಂಕುಗಳನ್ನು ಸೇರಿತು. ದೇಶಕ್ಕೆ ಆಮದು ಖರ್ಚು ಉಳಿಯುವ, ಕಬ್ಬು ಬೆಳೆಯುವವರಿಗೆ ಅನುಕೂಲವಾಗುವ ಈ ನೀತಿಯ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ನಮಗೆ ಬೇಕಾದದ್ದು ಅದು ರಬ್ಬರಿಗೆ ಏನು ಮಾಡುತ್ತದೆ ಎಂಬುದು. ಇಲ್ಲೊಂದು ಸೋಜಿಗವಿದೆ. ಸಾಧಾರಣ ನೈಟ್ರೈಲ್ ರಬ್ಬರು ಬರಿಯ ಪೆಟ್ರೋಲನ್ನು ತಡೆಯುತ್ತದೆ. ಬರಿಯ ಮದ್ಯಸಾರವನ್ನೂ ಒಂದು ಮಟ್ಟಕ್ಕೆ ತಡೆಯುತ್ತದೆ. ಎರಡೂ ಬೆರೆತು ಬಂದಾಗ ಮಾತ್ರ ಪ್ರತ್ಯೇಕವಾಗಿ ಉಬ್ಬುವುದಕ್ಕಿಂತ ಹೆಚ್ಚು ಉಬ್ಬುತ್ತದೆ. ಅಲ್ಲದೆ ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ಬಹುಕಾಲ ನಿಂತ ಟ್ಯಾಂಕಿನಲ್ಲಿ ನೀರಿನೊಡನೆ ಕೂಡಿ ತಳಕ್ಕೆ ಇಳಿಯಬಲ್ಲದು. ಹಳೆಯ ಅಂಟು, ಕಿಲುಬುಗಳನ್ನು ಸಡಿಲಿಸಿ ಕೆಳಕ್ಕೆ ತರಬಲ್ಲದು. ಹಳೆಯ ಕೆಲವು ವಾಹನಗಳಲ್ಲಿ ಇಪ್ಪತ್ತರಿಂದ ಮೂವತ್ತು ಸಾವಿರ ಕಿಲೋಮೀಟರಿನ ಬಳಕೆಯ ನಂತರ ಕೆಲವು ರಬ್ಬರು ಭಾಗಗಳನ್ನು ಬದಲಿಸಬೇಕಾಗಬಹುದೆಂದು ಕೇಂದ್ರದ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಿನಲ್ಲಿ ಹೇಳಿತು. ಮೂವತ್ತು ನಲವತ್ತು ವರ್ಷದ ಗಾಡಿಯವರು ಅಷ್ಟು ದೂರ ಕಾಯುವುದು ಜಾಣತನವಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಒಳ್ಳೆಯ ಪೆಟ್ರೋಲು ಪೈಪು ಓದುಬರಹ ಬಲ್ಲ ಪೈಪು. ಅದರ ಮೈಮೇಲೆಯೇ ಅದರ ವಿವರ ಅಚ್ಚಾಗಿರುತ್ತದೆ: ತಯಾರಕರ ಹೆಸರು, ಒಳವ್ಯಾಸ, ಅದು ಪಾಲಿಸುವ ಪ್ರಮಾಣ, ಅನೇಕ ವೇಳೆ ತಯಾರಾದ ವರ್ಷವೂ. ಅಮೆರಿಕದ ವಾಹನ ತಂತ್ರಜ್ಞರ ಸಂಸ್ಥೆಯ ಪ್ರಮಾಣವನ್ನು ಅನುಸರಿಸಿದ್ದರೆ ಎಸ್.ಎ.ಇ. ಜೆ-30 ಎಂಬ ಗುರುತೂ ಅದರ ಮುಂದೆ ಆರ್-6, ಆರ್-7, ಆರ್-9 ಎಂಬಂಥ ದರ್ಜೆಯೂ ಇರುತ್ತದೆ. ಆರ್-6, ಆರ್-7 ಎಂಬವು ಕಡಿಮೆ ಒತ್ತಡದ, ಕಾರ್ಬ್ಯುರೇಟರು ಗಾಡಿಗಳಿಗೆ ತಕ್ಕ ದರ್ಜೆಗಳು. ಆರ್-9 ಎಂಬುದು ಹೆಚ್ಚು ಒತ್ತಡದ, ಇಂಧನವನ್ನು ಚಿಮ್ಮಿಸುವ ಇಂಜಿನ್ನುಗಳಿಗಾಗಿ ಮಾಡಿದ್ದು; ಅದರ ಒಳಪದರಿಗೆ ಸಾಮಾನ್ಯವಾಗಿ ಫ್ಲೋರೋ ರಬ್ಬರನ್ನು ಬಳಸುತ್ತಾರೆ. ನಮ್ಮ ಹಳೆಯ ಗಾಡಿಗೆ ಆ ಒತ್ತಡವನ್ನು ತಾಳುವ ಶಕ್ತಿ ಬೇಕಾಗಿಲ್ಲ. ಆದರೆ ಎಥನಾಲನ್ನು ತಾಳುವ ಆ ಒಳಪದರು ಬೇಕು. ಆದ್ದರಿಂದ ಬೆಲೆ ಹೆಚ್ಚಾದರೂ ಆರ್-9ನ್ನೋ ಫ್ಲೋರೋ ರಬ್ಬರಿನ ಒಳಪದರುಳ್ಳ ಬೇರೆ ಪೈಪನ್ನೋ ಆರಿಸುವುದು ಲೇಸು. ಅದರಲ್ಲಿ ಒಂದು ಕೊರತೆಯಿದೆ: ಮೈ ದಪ್ಪ, ಬಾಗುವುದು ಕಡಿಮೆ. ಇಕ್ಕಟ್ಟಾದ ತಿರುವಿನಲ್ಲಿ ಅದನ್ನು ಬಲವಂತವಾಗಿ ಬಾಗಿಸಿದರೆ ಮಡಿಸಿಕೊಂಡು ಹರಿವನ್ನೇ ತಡೆಯುತ್ತದೆ. ಅಂಥ ಕಡೆ ಒಳ್ಳೆಯ ತಯಾರಕರ ಆರ್-7ನ್ನು ಹಾಕಿ, ಅದನ್ನು ಆಗಾಗ ನೋಡಿಕೊಂಡು, ಮೂರು ವರ್ಷಕ್ಕೊಮ್ಮೆ ಬದಲಿಸುತ್ತ ಹೋಗುವುದೂ ಸರಿಯಾದ ದಾರಿಯೇ. ಮೈಮೇಲೆ ಏನೂ ಬರೆಯದ ಪೈಪನ್ನು ಮಾತ್ರ ಎಷ್ಟೇ ಹೊಳಪಾಗಿದ್ದರೂ ಕೊಳ್ಳಬಾರದು. ಹೆಸರಿಲ್ಲದ ಪತ್ರವನ್ನು ನಂಬದ ನಾವು ಹೆಸರಿಲ್ಲದ ಪೈಪನ್ನು ಏಕೆ ನಂಬಬೇಕು?

ಅಚ್ಚಾದದ್ದೆಲ್ಲ ನಿಜವೇ ಎಂದು ನೀವು ಕೇಳಬಹುದು. ನಕಲಿ ಅಚ್ಚುಗಳೂ ಪೇಟೆಯಲ್ಲಿವೆ. ಅದಕ್ಕೆ ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಬೇಕಾದುದಕ್ಕಿಂತ ಎರಡು ಬೆರಳು ಹೆಚ್ಚು ಕೊಂಡು ಆ ತುಂಡಿನ ಉದ್ದ, ದಪ್ಪಗಳನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಅದನ್ನು ಬಂಕಿನ ಪೆಟ್ರೋಲು ಸ್ವಲ್ಪವೇ ಇರುವ ಗಾಜಿನ ಭರಣಿಯಲ್ಲಿ ಹಾಕಿ, ಬಿಗಿಯಾಗಿ ಮುಚ್ಚಿ, ಬಿಸಿಲು ಬೆಂಕಿ ಮಕ್ಕಳು ತಲುಪದ ಹೊರಗಿನ ಜಾಗದಲ್ಲಿ ಒಂದು ವಾರ ಬಿಡಬೇಕು. ತೆಗೆದಾಗ ತುಂಡು ಎದ್ದು ಕಾಣುವಂತೆ ಉಬ್ಬಿದ್ದರೆ, ಉಗುರಿಗೆ ಮೇಣದಂತೆ ಸಿಕ್ಕರೆ, ಪೆಟ್ರೋಲು ಕಪ್ಪಾಗಿದ್ದರೆ ಆ ಪೈಪು ನಿಮ್ಮ ಗಾಡಿಗೆ ಬೇಡ.

ಬೇಡವೆನ್ನಬೇಕಾದವು ಇನ್ನೂ ಕೆಲವಿವೆ. ಮೊದಲನೆಯದು ನಮ್ಮ ಸೀಮೆಗೆ ಬಹಳ ಹತ್ತಿರದ್ದು. ಫರಸಿ ಹಾಸುವ ಕೆಲಸಗಾರರು ನೆಲದ ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಬಳಸುತ್ತಾರಷ್ಟೆ. ಎಲ್ಲ ಮನೆಗಳಲ್ಲಿಯೂ ಅದರ ಒಂದು ತುಂಡು ಬಿದ್ದಿರುತ್ತದೆ. ಪೆಟ್ರೋಲು ಇಳಿಯುವುದು ಕಣ್ಣಿಗೆ ಕಾಣುತ್ತದೆಂಬ ಆಸೆಯಿಂದ ಅದನ್ನೇ ಗಾಡಿಗೆ ಸಿಕ್ಕಿಸುವವರುಂಟು. ಮೊದಲ ವಾರ ಅದು ಬಹಳ ಚೆನ್ನ. ಕೆಲವು ತಿಂಗಳಲ್ಲಿ ಪೆಟ್ರೋಲು ಅದರ ಮೆದುತನವನ್ನು ತೊಳೆದುಬಿಡುತ್ತದೆ. ಅದು ಹಳದಿಯಾಗಿ, ಬಳಪದಂತೆ ಗಟ್ಟಿಯಾಗಿ, ಕೊಳವೆಯಿಂದ ತಾನಾಗಿ ಜಾರುತ್ತದೆ. ಕಾದ ಸಿಲಿಂಡರು ತಾಕಿದರೆ ಕರಗುತ್ತದೆ. ನೀರಿನ ಮಟ್ಟ ನೋಡಲು ಮಾಡಿದ್ದು ನೀರಿಗೇ ಇರಲಿ. ಇಂಧನಕ್ಕೆಂದೇ ಮಾಡಿದ ಪಾರದರ್ಶಕ ಪೈಪುಗಳೂ ಇವೆ. ಅವು ಬೇರೆ, ಅವುಗಳ ಮೇಲೆ ಹಾಗೆಂದು ಬರೆದಿರುತ್ತದೆ. ಎರಡನೆಯದು ಸಿಲಿಕೋನ್ ಪೈಪು. ಬಣ್ಣ ಬಣ್ಣದ ಈ ಪೈಪು ತಾಪಕ್ಕೆ ಗಟ್ಟಿ, ನೀರಿಗೆ ಗಟ್ಟಿ. ಪೆಟ್ರೋಲಿಗೆ ಮಾತ್ರ ಉಬ್ಬುತ್ತದೆ, ಆವಿಯನ್ನು ಸೋರಿಸುತ್ತದೆ. ಮೂರನೆಯದು ಗಾಳಿಯ ಸೆಳೆತಕ್ಕೆಂದು ಮಾಡಿದ ವ್ಯಾಕ್ಯೂಮ್ ಪೈಪು. ನೋಡಲು ಪೆಟ್ರೋಲು ಪೈಪಿನ ಅವಳಿ, ಗುಣದಲ್ಲಿ ಬೇರೆ.

ನಾಲ್ಕನೆಯದನ್ನು ಹೇಳುವಾಗ ಹಳೆಯ ಗಾಡಿಗಳ ಪ್ರೇಮಿಗಳಿಗೆ ನೋವಾಗಬಹುದು. ಮುಚ್ಚಿಹೋದ ಅಂಗಡಿಗಳ ಅಟ್ಟಗಳಲ್ಲಿ ಕಂಪನಿಯ ಮುದ್ರೆಯುಳ್ಳ, ಪೊಟ್ಟಣ ಒಡೆಯದ ಹಳೆಯ ಬಿಡಿಭಾಗಗಳು ಆಗಾಗ ಸಿಗುತ್ತವೆ. ಮೈಸೂರಿನ ಕಾರ್ಖಾನೆಯ ಕಾಲದ ಒಂದು ಗೇರು, ಒಂದು ಹಿಡಿಕೆ, ಒಂದು ದೀಪದ ಬಳೆ ಹಾಗೆ ಸಿಕ್ಕರೆ ಅದು ನಿಜವಾಗಿಯೂ ನಿಧಿಯೇ. ಆದರೆ ಅದೇ ಪೆಟ್ಟಿಗೆಯಲ್ಲಿ ಒಂದು ಪೆಟ್ರೋಲು ಪೈಪು ಸಿಕ್ಕಿ, ಅಸಲು ಮಾಲೆಂದು ಹತ್ತು ಪಟ್ಟು ಬೆಲೆ ಕೊಟ್ಟು ತಂದರೆ ಅದು ನಿಧಿಯಲ್ಲ. ಬಳಸದೆ ಇಟ್ಟ ಮಾತ್ರಕ್ಕೆ ರಬ್ಬರಿನ ವಯಸ್ಸು ನಿಲ್ಲುವುದಿಲ್ಲ. ನಲವತ್ತು ವರ್ಷ ಅಟ್ಟದ ಮೇಲೆ ಕಾದ ಪೈಪು ಒಂದು ದಿನವೂ ದುಡಿಯದೆ ಮುದಿಯಾಗಿರುತ್ತದೆ. ಜೊತೆಗೆ, ಇಂದಿನ ಪೆಟ್ರೋಲನ್ನು ಕಂಡರಿಯದ ಕಾಲದಲ್ಲಿ ಅದು ತಯಾರಾದದ್ದು. ಲೋಹದಲ್ಲಿ ಹಳೆಯದು ಚಿನ್ನ. ರಬ್ಬರಿನಲ್ಲಿ ಹಳೆಯದು ಬರಿಯ ಹಳೆಯದು. ನೋಟಕ್ಕೆ ಹಳೆಯದರಂತೆಯೇ ಇರಬೇಕೆಂಬ ಆಸೆಯಿದ್ದರೆ ಹೊರಗೆ ನೂಲು ಹೆಣೆದ, ಒಳಗೆ ಹೊಸ ರಬ್ಬರಿರುವ ಪೈಪುಗಳು ದೊರೆಯುತ್ತವೆ. ಆದರೆ ನೂಲಿನ ಹೊದಿಕೆ ಬಿರುಕನ್ನು ಮರೆಮಾಡುತ್ತದೆ ಎಂಬ ನೆನಪಿರಲಿ. ಅದನ್ನು ಕಣ್ಣಿನಿಂದಲ್ಲ, ಪಂಚಾಂಗ ನೋಡಿ ಬದಲಿಸಬೇಕು.

ಅಳತೆಯ ವಿಷಯ. ಅಂಗಡಿಯಲ್ಲಿ ಕೇಳುವುದು ಎಷ್ಟು ಉದ್ದ ಎಂದು. ಕೇಳಬೇಕಾದದ್ದು ಎಷ್ಟು ಒಳವ್ಯಾಸ ಎಂದು. ಬಹಳಷ್ಟು ಹಳೆಯ ಗಾಡಿಗಳಿಗೆ ಕಾಲಂಗುಲದ, ಅಂದರೆ ಆರು ಮಿಲಿಮೀಟರಿಗೆ ಚೂರು ಮೇಲಿನ ಪೈಪು ಹೊಂದುತ್ತದೆ. ಆದರೆ ಕೈಬದಲಾದ ಗಾಡಿಯಲ್ಲಿ ಯಾವ ಕಾಕನ್ನು ಯಾರು ಯಾವಾಗ ಹಾಕಿದರೋ ಬಲ್ಲವರಾರು? ಆದುದರಿಂದ ಕಾಕಿನ ಕೊಳವೆಯನ್ನೂ ಕಾರ್ಬ್ಯುರೇಟರಿನ ಕೊಳವೆಯನ್ನೂ ವರ್ನಿಯರ್ ಕ್ಯಾಲಿಪರಿನಿಂದ ಅಳೆಯಿಸಿಕೊಂಡೇ ಪೇಟೆಗೆ ಹೋಗಬೇಕು. ಹಳೆಯ ಪೈಪಿನ ತುದಿಯನ್ನು ಮಾದರಿಯಾಗಿ ಒಯ್ಯುವುದು ಸಾಲದು, ಅದು ಹಿಗ್ಗಿರುತ್ತದೆ. ಪೈಪು ಕೊಳವೆಯ ಮೇಲೆ ಸ್ವಲ್ಪ ಬಲ ಹಾಕಿ ಏರಿಸುವಷ್ಟು ಬಿಗಿಯಾಗಿರಬೇಕು. ದೊಡ್ಡ ಪೈಪನ್ನು ಕ್ಲಿಪ್ಪಿನಿಂದ ಹಿಸುಕಿ ಕೂರಿಸುವುದು ಸಲ್ಲದು. ಹಿಸುಕಿದ ಕಡೆ ಮಡಿಕೆ ಬಿದ್ದು ಅಲ್ಲಿಂದಲೇ ಸೋರುತ್ತದೆ.

ಕೊಳ್ಳುವ ಜಾಗ ದೂರವೇನಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಸುತ್ತಿನ ಬಿಡಿಭಾಗದ ಅಂಗಡಿಗಳಲ್ಲಿ ಸಾಧಾರಣ ದರ್ಜೆಯದು ಸಿಗದಿರದು. ಗುರುತುಳ್ಳ ಉತ್ತಮ ದರ್ಜೆಯದು ಬೇಕಾದರೆ ವಾಡಿಯಲ್ಲಿ ರೈಲು ಹಿಡಿದು ಸಿಕಂದರಾಬಾದಿನ ರಾಣಿಗಂಜಿಗೋ, ಬೆಂಗಳೂರಿಗೆ ಹೋದವರು ಜೆ.ಸಿ. ರಸ್ತೆಗೋ ಹೋಗಿ ವಿಚಾರಿಸಬಹುದು. ವಾಡಿ ಸಿಕಂದರಾಬಾದುಗಳ ನಡುವಣ ಆ ಹಳಿ 1874ರಿಂದಲೂ ನಮ್ಮ ಸೀಮೆಯ ಬೇಕುಬೇಡಗಳನ್ನು ಹೊತ್ತು ತಂದಿದೆ. ಒಂದು ಮೊಳ ಪೈಪು ಅದಕ್ಕೆ ಭಾರವಾಗದು. ಕೊಳ್ಳುವಾಗ ಮೂರು ಮಾತು ನೆನಪಿರಬೇಕು. ಅಚ್ಚಾದ ಗುರುತನ್ನು ಕಣ್ಣಾರೆ ಓದಬೇಕು. ಬಾಗಿಲಲ್ಲಿ ಬಿಸಿಲಿಗೆ ತೂಗುಹಾಕಿದ ಸುರುಳಿಯಿಂದಲ್ಲ, ಒಳಗಿನ ಮುಚ್ಚಿದ ಸುರುಳಿಯಿಂದ ಕತ್ತರಿಸಿಕೊಳ್ಳಬೇಕು. ಬೇಕಾದಷ್ಟನ್ನೇ ಕೊಳ್ಳಬೇಕು, ಅಗ್ಗವೆಂದು ಹತ್ತು ವರ್ಷದ ಪೈಪನ್ನು ಒಮ್ಮೆಗೇ ತಂದಿಟ್ಟರೆ ಅದು ನಮ್ಮ ಅಟ್ಟದಲ್ಲಿಯೇ ಮುದಿಯಾಗುತ್ತದೆ.

ಜೋಡಿಸುವಾಗಿನ ಕೆಲವು ಸೂಚನೆಗಳನ್ನು ಹೇಳಿ ಈ ಭಾಗವನ್ನು ಮುಗಿಸುತ್ತೇನೆ. ಕೆಲಸವನ್ನು ಬಯಲಿನಲ್ಲಿ, ಇಂಜಿನ್ನು ಪೂರ್ತಿ ತಣ್ಣಗಾದ ಮೇಲೆ, ಬೀಡಿ ಸಿಗರೇಟಿನವರನ್ನು ದೂರವಿಟ್ಟು ಮಾಡಬೇಕು. ಪೈಪನ್ನು ಹರಿತವಾದ ಅಲಗಿನಿಂದ ನೇರವಾಗಿ ಕತ್ತರಿಸಬೇಕು. ಗರಗಸದಿಂದ ಕೊಯ್ದರೆ ರಬ್ಬರಿನ ಪುಡಿ ಒಳಗೆ ಉಳಿದು ಕಾರ್ಬ್ಯುರೇಟರಿನ ಸಣ್ಣ ರಂಧ್ರವನ್ನು ಕಟ್ಟುತ್ತದೆ. ಪೈಪು ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗೆ ಇಳಿಯುತ್ತಲೇ ಹೋಗಬೇಕು. ನಡುವೆ ಗುಡ್ಡದಂತೆ ಏರಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡು ಗಾಡಿ ಅರ್ಧದಾರಿಯಲ್ಲಿ ನಿಲ್ಲುತ್ತದೆ. ಸಿಲಿಂಡರಿನ ರೆಕ್ಕೆಗಳಿಗೂ ಸೈಲೆನ್ಸರಿಗೂ ಅದು ತಾಕಬಾರದು. ಎರಡು ತುದಿಗೂ ಕ್ಲಿಪ್ಪು ಬೇಕು, ಅಂಚು ಚೂಪಿಲ್ಲದ ಕ್ಲಿಪ್ಪು; ತಂತಿ ಸುತ್ತಿದರೆ ಅದು ರಬ್ಬರನ್ನು ನಿಧಾನವಾಗಿ ಕೊಯ್ಯುತ್ತದೆ. ನಡುವೆ ಫಿಲ್ಟರು ಹಾಕುವವರು ಅದು ಬರಿಯ ಭಾರದಿಂದ ಹರಿಯುವ ಪೆಟ್ರೋಲಿಗೆ ತಕ್ಕುದೇ ಎಂದು ನೋಡಿಕೊಳ್ಳಬೇಕು. ಕಾಕು ತೆರೆದ ಮೇಲೆ ಒಮ್ಮೆ, ಗಾಡಿ ಓಡಿ ಕಾದ ಮೇಲೆ ಇನ್ನೊಮ್ಮೆ, ಮಾರನೆಯ ಬೆಳಗ್ಗೆ ಮತ್ತೊಮ್ಮೆ ಒಣ ಬೆರಳಿನಿಂದ ತುದಿಗಳನ್ನು ಮುಟ್ಟಿ ನೋಡಬೇಕು. ಗಾಡಿ ನಿಂತಾಗಲೆಲ್ಲ ಕಾಕನ್ನು ಮುಚ್ಚುವ ಹಳೆಯ ರೂಢಿಯನ್ನು ಬಿಡಬಾರದು. ಕಾಕಿನ ಒಳಗಿನ ಬೂಚಿನ ಬಿರಡೆಯೂ ಕಾರ್ಬ್ಯುರೇಟರಿನ ರಬ್ಬರು ಬಳೆಗಳೂ ಪೈಪಿನಷ್ಟೇ ಹಳೆಯವು ಎಂಬುದನ್ನು ಮರೆಯದೆ ಅವನ್ನೂ ಅದೇ ದಿನ ನೋಡಿಬಿಡುವುದು ಮೇಲು.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪ ಉಳಿಯುತ್ತದೆ. ಒಂದೊಂದಾಗಿ ಹೀಗೆ ಹೊಸದನ್ನು ಹಾಕುತ್ತ ಹೋದರೆ ಹಳೆಯ ಗಾಡಿ ಹಳೆಯದಾಗಿ ಉಳಿಯುವುದೆಲ್ಲಿ ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ನಮ್ಮ ಸೀಮೆಯಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ಸೇಡಂ ತಾಲೂಕಿನ ಮಳಖೇಡ, ಕಾಗಿಣಾ ದಂಡೆಯ ಆ ಹಳ್ಳಿ, ರಾಷ್ಟ್ರಕೂಟರ ಮಾನ್ಯಖೇಟವಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ರಚಿತವಾಯಿತು. ಅಂದು ಅದನ್ನು ಬರೆದ ಓಲೆಗರಿಗಳು ಇಂದು ಇಲ್ಲ. ಓಲೆಗೂ ಒಂದು ಆಯುಸ್ಸಿದೆ. ಹುಳು ತಿನ್ನುತ್ತದೆ, ತೇವ ತಾಕುತ್ತದೆ, ಅಂಚು ಮುರಿಯುತ್ತದೆ. ಗ್ರಂಥ ನಮ್ಮವರೆಗೆ ಬಂದದ್ದು ಓಲೆಯನ್ನು ಪೂಜಿಸಿ ಪೆಟ್ಟಿಗೆಯಲ್ಲಿಟ್ಟವರಿಂದಲ್ಲ. ಓಲೆ ಮುರಿಯುವ ಮೊದಲೇ ಹೊಸ ಗರಿಯನ್ನು ಹದಮಾಡಿ ಅಕ್ಷರ ಅಕ್ಷರವಾಗಿ ಪ್ರತಿಮಾಡಿದ ಹೆಸರಿಲ್ಲದ ಲಿಪಿಕಾರರಿಂದ. ಆ ಪ್ರತಿಕಾರರಿಗೆ ಯಾವುದು ಕೃತಿ, ಯಾವುದು ಗರಿ ಎಂಬ ವಿವೇಕವಿತ್ತು. ಉಳಿಸಬೇಕಾದದ್ದನ್ನು ಉಳಿಸಲು ಬದಲಿಸಬೇಕಾದದ್ದನ್ನು ಬದಲಿಸಿದರು.

ಮೋಟಾರು ಸೈಕಲ್ಲಿಗೂ ಇದೇ ಮಾತು. ಅದರ ಚೌಕಟ್ಟು, ಇಂಜಿನ್ನು, ಟ್ಯಾಂಕು, ಅದರ ಮೇಲೆ ತಂದೆಯ ಮೊಣಕಾಲು ಸವೆಸಿದ ಬಣ್ಣ, ಇವು ಕೃತಿ. ಪೈಪು ಗರಿ. ಗರಿಯನ್ನೇ ಕೃತಿಯೆಂದು ತಿಳಿದು ಅಪ್ಪಿಕೊಂಡರೆ ಒಂದು ದಿನ ಎರಡೂ ಸುಟ್ಟುಹೋಗುತ್ತವೆ. ತಂದೆ ನಡೆಸಿದ ಗಾಡಿಯನ್ನು ಮಗನೂ, ಅವನ ಮಗಳೂ ನಡೆಸಬೇಕೆಂಬ ಆಸೆ ದೊಡ್ಡದು; ಅದಕ್ಕೆ ತೆರಬೇಕಾದ ಬೆಲೆ ಎರಡು ಮೂರು ವರ್ಷಕ್ಕೊಮ್ಮೆ ಒಂದು ಗೇಣು ಪೈಪು, ಎರಡು ಕ್ಲಿಪ್ಪು, ಒಂದು ಗಳಿಗೆಯ ಗಮನ. ಈ ವಾರ ಬಿಡುವಿದ್ದಾಗ ನಿಮ್ಮ ಹಳೆಯ ಗಾಡಿಯ ಟ್ಯಾಂಕಿನ ಕೆಳಗೆ ಬಗ್ಗಿ, ದೂಳೊರೆಸಿ, ಆ ಪೈಪನ್ನು ಒಮ್ಮೆ ಬಾಗಿಸಿ ನೋಡಿ.